ಕೊಕ್ಕರೆಗೆ ಸೀಮಂತ

ಬೆಳಿಗ್ಗೆ ಲಂಡನ್ನಿನ ಗ್ರೀನ್‌ಫರ್ಡ್‌ನ ಬಸ್‌ಸ್ಟಾಪಿನಲ್ಲಿ ಪಕ್ಕ ಕೂತಿದ್ದ ಅಸ್ಸಾಮಿನ ಹುಡುಗಿ "ಊರಲ್ಲಿ ಸೀಮಂತ" ಎಂದು ತನ್ನ ಫೋನನ್ನು ನನ್ನತ್ತ ಹಿಡಿದಳು. ಪಾರ್ಕ್ ರಾಯಲ್‌ನ ಸಮೋಸ ಫ್ಯಾಕ್ಟರಿಗೆ ಹೊರಟವಳು, ತುಂಬು ಗರ್ಭಿಣಿ. ಫೋನಿನಲ್ಲಿ ಅವಳಮ್ಮ, ಊರಿನ ಹೆಂಗಸರು, ಹಿತ್ತಿಲ ಮರದಡಿ ಆರತಿ ಹಿಡಿದು ಹಾಡುತ್ತಿದ್ದರು.

"ಯಾರ ಸೀಮಂತ?" ಹಿಂದಿಯಲ್ಲಿ ಕೇಳಿದೆ.

"ಮರದ ಮೇಲೆ ಗೂಡು ಕಟ್ಟಿದೆಯಲ್ಲ ದೀದಿ, ಆ ಕೊಕ್ಕರೆಗೆ. ಕೊಳೆತದ್ದು ತಿನ್ನುವ ಹಕ್ಕಿ. ನಾತ ಅಂತ ಮೊದಲು ಮರವನ್ನೇ ಕಡಿಸ್ತಿದ್ರು. ಉಳಿದಿರೋದೇ ಕೆಲವು ಅಂತ ಗೊತ್ತಾದ ಮೇಲೆ ಮನೆಮಗಳ ಹಾಗೆ ನೋಡ್ಕೊಳ್ತಾರೆ."

"ನಿನಗೆ ಮಾಡಿದ್ರಾ?"

"ಇಲ್ಲಿ ಯಾರಿದ್ದಾರೆ?" ನಕ್ಕಳು.

ನನ್ನದೊಂದು ಹಸಿರು ಬಳೆ ತೆಗೆದು ತೊಡಿಸಲು ಹೋದೆ. ಬಾತಿದ್ದ ಕೈಗೆ ಅದು ಏರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಬಳೆಯನ್ನು ಕೋಟಿನ ಜೇಬಿಗಿಟ್ಟುಕೊಂಡು ಹತ್ತಿದಳು. ಫೋನಿನಲ್ಲಿ ಹಾಡು ಇನ್ನೂ ನಡೆದಿತ್ತು, ಕೊಕ್ಕರೆಗೆ.