ಹಳೇ ಫೋಟೋ ಆದರೂ ಅಡ್ಡಿಲ್ಲ

ಶೃಂಗೇರಿಯ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಕೂರುವ ಪವಿತ್ರಾಳ ಹತ್ತಿರ ಶೌಚಾಲಯ ಎಲ್ಲಿ ಎಂದು ಕೇಳಿದವರೂ ಕೊನೆಗೆ ಸಿರಿಮನೆ ಜಲಪಾತದ ದಾರಿ ಹಿಡಿದುಬಿಡುತ್ತಾರೆ. ಹಿಂದೆಯೇ ನೋಡಿದ್ದೇವೆ ಎಂದವರನ್ನೂ ಅವಳು ಬಿಡುವುದಿಲ್ಲ. "ಹಂಗಾರೆ ಆಗ ತೆಗ್ದ ಫೋಟೋ ಕಳ್ಸಿ ಮಾರಾಯ್ರೇ, ನಮ್ಮ ಪೇಜಿಗೆ ಹಾಕ್ತೇವೆ. ಎಷ್ಟು ಹಳೇದಾದ್ರೂ ಅಡ್ಡಿಲ್ಲ, ಮಧ್ಯ ಯಾರ್ಯಾರೋ ಬಂದಿದ್ರೂ ಇರ್ಲಿ" ಎನ್ನುತ್ತಾಳೆ. ಜನರನ್ನು ಸೆಳೆಯುವುದನ್ನು ಇವಳಿಂದ ಕಲಿಯಿರಿ ಎಂದು ಮೇಲಧಿಕಾರಿಗಳು ಸಭೆಗಳಲ್ಲಿ ಹೊಗಳುತ್ತಾರೆ. ಫೋಟೋ ಬಂದೊಡನೆ ಪವಿತ್ರಾ ಧುಮುಕುವ ನೀರನ್ನು ಬಿಟ್ಟು ಮೂಲೆಗಳನ್ನೇ ದೊಡ್ಡದು ಮಾಡಿ ನೋಡುತ್ತಾಳೆ. ಅವಳ ಅವ್ವ ಗುಡ್ಡಮ್ಮ ಸಾಯುವವರೆಗೂ ಆ ಜಲಪಾತದ ಬಳಿ ಸೌತೆಕಾಯಿ ಮಾರುತ್ತಿದ್ದಳು. ಮನೆಯಲ್ಲಿ ಉಳಿದಿರುವುದು ಆಧಾರ್ ಕಾರ್ಡಿನಲ್ಲಿ ಬೆಚ್ಚಿಬಿದ್ದಂತೆ ಕೂತ ಅವ್ವ ಮಾತ್ರ. ಉಪ್ಪುಖಾರ ಸವರುತ್ತಾ ನಗುತ್ತಿದ್ದ ಅವ್ವ ಯಾರದೋ ಫೋನಿನಲ್ಲಿ ಇರಲೇಬೇಕು.