ಲತೀಫಾಕನ ರಜೆಯ ಕಾಗದ

ನಲವತ್ತೆಂಟು ತುಂಬಿದ ಮೇಲೂ ‘ಬಾಯ್’ ಅನ್ನಿಸಿಕೊಳ್ಳುವ ಭಾಗ್ಯ ಗಲ್ಫಿನಲ್ಲಲ್ಲದೆ ಬೇರೆಲ್ಲಿ ಸಿಗಬೇಕು! ಪಾಣೆಮಂಗಳೂರಿನ ಅಬ್ದುಲ್ ಲತೀಫ್, ಊರಿನವರ ಬಾಯಲ್ಲಿ ಲತೀಫಾಕ, ದೋಹಾದ ಕಂಪನಿಯೊಂದರಲ್ಲಿ ಆಫೀಸ್ ಬಾಯ್. ಊರಿನ ಮದುವೆಗಳಲ್ಲಿ ಜನ ಎದ್ದು ನಿಂತು ಸಲಾಂ ಹೇಳುವ ಮನುಷ್ಯನನ್ನು ಇಲ್ಲಿ ಮಗನ ಪ್ರಾಯದ ಇಂಜಿನಿಯರುಗಳು "ಬಾಯ್, ಏಕ್ ಚಾಯ್" ಎಂದು ಕೂಗುತ್ತಾರೆ. ಲತೀಫ್ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಏಲಕ್ಕಿ ಹಾಕಿದ ಅರಬರ ಕಾಫಿ, ಅದೇ ಗಾವಾ, ತನ್ನಷ್ಟು ಚೆನ್ನಾಗಿ ಮಾಡುವವರು ಇಡೀ ಕತಾರಿನಲ್ಲಿ ಇಲ್ಲ ಎಂಬ ಜಂಬ ಆತನಿಗಿತ್ತು. ಜಂಬ ಸುಳ್ಳೂ ಆಗಿರಲಿಲ್ಲ.

ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ಆರು ಜನರ ರೂಮು. ಅದರಲ್ಲಿ ಆತನ ಪಾಲಿಗೆ ಒಂದು ಮಂಚ, ಮಂಚದ ಕೆಳಗೊಂದು ಟ್ರಂಕು, ಟ್ರಂಕಿನ ತುಂಬ ಕ್ಯಾಸೆಟ್ಟುಗಳು. ಹಾಡಿನವಲ್ಲ, ಮಾತಿನವು. ಹೆಂಡತಿ ಝುಲೈಖಾಗೆ ಓದು ಬಾರದು. ಹಾಗಾಗಿ ಗಲ್ಫಿನವರ ಎಷ್ಟೋ ಮನೆಗಳಂತೆ ಇವರದ್ದೂ ಕ್ಯಾಸೆಟ್ಟಿನ ಸಂಸಾರ. ಆತ ಇಲ್ಲಿ ಮಾತಾಡಿ ತುಂಬಿಸಿ ಊರಿಗೆ ಹೊರಟವರ ಕೈಲಿ ಕೊಡುವುದು, ಅಲ್ಲಿಂದ ಬರುವವರ ಕೈಲಿ ಉತ್ತರ ಬರುವುದು. ಉತ್ತರದಲ್ಲಿ ಮಗಳು ಸಾಲಿಹಾ ಮಾತಾಡುತ್ತಾಳೆ, ಮಗ ಫಾಯಿಝ್ ಮಾತಾಡುತ್ತಾನೆ. ಝುಲೈಖಾ ಮಾತಾಡುವುದಿಲ್ಲ. ಇಪ್ಪತ್ತು ವರ್ಷದಿಂದ ಒಂದೇ ಒಂದು ಮಾತಿಲ್ಲ. "ಉಮ್ಮಾ, ನೀವೂ ಏನಾದರೂ ಹೇಳಿ" ಎಂದು ಸಾಲಿಹಾ ಅನ್ನುವುದು ಕೇಳಿಸುತ್ತದೆ. ಆಮೇಲೆ ದೂರದಲ್ಲಿ ಪಾತ್ರೆ ಇಟ್ಟ ಸದ್ದು, ಒಂದು ಸಣ್ಣ ಕೆಮ್ಮು, ಅಷ್ಟೆ. ಲತೀಫ್ ಆ ಕೆಮ್ಮು ಇರುವ ಜಾಗಕ್ಕೆ ಟೇಪನ್ನು ಹಿಂದೆ ಓಡಿಸಿ ಓಡಿಸಿ ಕೇಳುತ್ತಿದ್ದ. ಹೆಂಡತಿಯ ಕೆಮ್ಮಿಗೆ ಹಂಬಲಿಸುವ ಗಂಡಸನ್ನು ನೋಡಿ ರೂಮಿನವರು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು!

ಹಾಗೆಂದು ಊರಿಗೆ ಹೋದಾಗ ಅವಳು ಮುಖ ತಿರುಗಿಸುತ್ತಿದ್ದಳು ಎಂದಲ್ಲ. ಅಕ್ಕಿ ಮುಗಿದದ್ದು, ಹಂಚು ಒಡೆದದ್ದು, ಸಾಲಿಹಾಗೆ ಸಂಬಂಧ ಬಂದದ್ದು, ಎಲ್ಲವನ್ನೂ ಹೇಳುತ್ತಿದ್ದಳು. ಆದರೆ ಗಂಡ ಸಮುದ್ರ ದಾಟಿದನೋ, ಬಾಯಿಗೆ ಬೀಗ. ಯಾಕೆಂದು ಲತೀಫನಿಗೆ ಚೆನ್ನಾಗಿ ಗೊತ್ತಿತ್ತು.

ಸಂಗತಿ ಎಪ್ಪತ್ತೇಳನೇ ಇಸವಿಯದ್ದು. ಮದುವೆಯಾದ ಹೊಸತರಲ್ಲೇ ಬಸುರಿ ಹೆಂಡತಿಯನ್ನು ಬಿಟ್ಟು ಬಂದ ಲತೀಫ್ ಆಗ ಸಮುದ್ರದ ದಂಡೆಯ ಒಂದು ಅತಿಥಿಗೃಹದಲ್ಲಿ ಗಾವಾ ಹಂಚುವ ಕೆಲಸದಲ್ಲಿದ್ದ. ಚೊಚ್ಚಲ ಮಗ ಅಝರ್ ಹುಟ್ಟಿದ್ದು ಕಾಗದದಲ್ಲಿ ತಿಳಿದಿತ್ತು. ಎರಡು ವರ್ಷಕ್ಕೆ ರಜೆ ಸಿಕ್ಕಿತು, ಹೊರಡುವ ತಾರೀಕು ಗೊತ್ತಾಯಿತು, ಮಗುವಿಗೆ ಅಂಗಿಯೂ ತೆಗೆದಿಟ್ಟದ್ದಾಯಿತು. ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷರ ದೂತರು ಬರುತ್ತಾರೆಂದು ಅತಿಥಿಗೃಹದಲ್ಲಿ ಗಡಿಬಿಡಿ ಶುರುವಾಗಿ ಲತೀಫನ ಪ್ರಯಾಣ ಒಂದು ತಿಂಗಳು ಮುಂದೆ ಹೋಯಿತು. ಆ ತಿಂಗಳಲ್ಲಿ ಊರಿನಲ್ಲಿ ಮಗುವಿಗೆ ಜ್ವರ ಬಂತು. ಮೊದಲು ಗೊತ್ತಾಗಿದ್ದ ತಾರೀಕಿಗೇ ಹೊರಟಿದ್ದರೆ ಲತೀಫ್ ಹನ್ನೆರಡು ದಿನ ಮಗನ ಜೊತೆ ಇರುತ್ತಿದ್ದ. ಹೋದದ್ದು ತಡವಾಗಿ, ಮಗುವನ್ನು ಮಣ್ಣು ಮಾಡಿದ ಮೇಲೆ. ಹೊಸ್ತಿಲಲ್ಲಿ ನಿಂತ ಗಂಡನಿಗೆ ಝುಲೈಖಾ ಹೇಳಿದ್ದು ಒಂದೇ ಮಾತು: "ಈಗ ಬಂದಿರಾ?"

ಅವತ್ತಿನಿಂದ ಲತೀಫನದ್ದು ಒಂದೇ ಪಾಠ. "ನನ್ನ ತಪ್ಪಲ್ಲ ಝುಲೈಖಾ, ಅಮೆರಿಕದವರು ರಜೆ ರದ್ದು ಮಾಡಿಸಿದ್ದು. ಅದಕ್ಕೆ ಕಾಗದ ಉಂಟು. ಒಂದು ದಿನ ತಂದು ನಿನ್ನ ಕೈಯಲ್ಲಿ ಇಡುತ್ತೇನೆ ನೋಡು." ಪ್ರತಿ ರಜೆಯಲ್ಲಿ ಹೇಳಿದ, ಪ್ರತಿ ಕ್ಯಾಸೆಟ್ಟಿನಲ್ಲಿ ಹೇಳಿದ. ಕಾಗದ ಎಲ್ಲಿಂದ ತರುವುದು? ಅತಿಥಿಗೃಹವನ್ನೇ ಕೆಡವಿ ರಸ್ತೆ ಮಾಡಿದ್ದರು. ಆದರೂ ಆ ಕಾಗದ ಸಿಕ್ಕಿದರೆ ಅವಳು ಬಾಯಿ ಬಿಡುತ್ತಾಳೆ ಎಂದು ಆತ ನಂಬಿದ್ದ.

ತೊಂಬತ್ತೇಳರ ಫೆಬ್ರವರಿಯಲ್ಲಿ ಕೆಳಗಿನ ಮಾಳಿಗೆಯ ಫಿಡೆಲಿಸ್ ಬಾಗಿಲು ತಟ್ಟಿದ. ಬಜಪೆ ಕಡೆಯ ಕೊಂಕಣಿ ಕ್ರಿಸ್ತಿಯನ್, ಹಾಗಾಗಿ ಲತೀಫನ ಬಾಯಲ್ಲಿ ‘ಪೊರ್ಬುಗಳು’, ಆಫೀಸೊಂದರಲ್ಲಿ ಟೈಪಿಸ್ಟು, ಇಂಗ್ಲಿಷು ಅರಳು ಹುರಿದಂತೆ.

"ಲತೀಫಾಕ, ನಿಮಗೆ ಅಮೆರಿಕದಿಂದ ಬುಲಾವ್ ಬಂದಿದೆ!"

"ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡಬೇಡಿ ಪೊರ್ಬುಗಳೇ, ನನಗೆ ಡ್ಯೂಟಿಗೆ ಹೊತ್ತಾಯಿತು."

ತಮಾಷೆಯಾಗಿರಲಿಲ್ಲ. ಹೋಲ್ಕಮ್ ಎಂಬ ಮೇಡಂ ಒಬ್ಬರು ಅಮೆರಿಕದಿಂದ ಬಂದಿದ್ದರು. ಆ ಕಾಲದ ಅಧ್ಯಕ್ಷರ ಆಡಳಿತ ಹೇಗೆ ನಡೆಯಿತೆಂದು ಪುಸ್ತಕ ಬರೆಯುವವರು. ಇಷ್ಟು ವರ್ಷ ಬೀಗ ಹಾಕಿಟ್ಟಿದ್ದ ಸರಕಾರಿ ಕಡತಗಳನ್ನು ಈಗ ತೆರೆದಿದ್ದರಂತೆ. ಕಡತ ಓದಿದ್ದು ಸಾಲದೆಂದು, ಆಗ ಅಲ್ಲಿದ್ದ ಜನರ ಬಾಯಿಂದಲೂ ಕೇಳಿ ಟೇಪು ಮಾಡಿಕೊಳ್ಳಲು ಊರೂರು ತಿರುಗುತ್ತಿದ್ದರು. ಅತಿಥಿಗೃಹದ ಸಿಬ್ಬಂದಿಯ ಪಟ್ಟಿಯಲ್ಲಿ ಲತೀಫನ ಹೆಸರಿತ್ತು. ಮಾತನ್ನು ತರ್ಜುಮೆ ಮಾಡಿ ಹೇಳಲು ಫಿಡೆಲಿಸನನ್ನು ಗೊತ್ತುಮಾಡಿಕೊಂಡಿದ್ದರು.

ಶುಕ್ರವಾರ ಬೆಳಿಗ್ಗೆ ಮೇಡಂ ರೂಮಿಗೇ ಬಂದರು. ರೂಮಿನ ಉಳಿದ ಐವರು ಇಸ್ತ್ರಿ ಅಂಗಿ ಹಾಕಿ ಹೊರಗೆ ಸಾಲಾಗಿ ನಿಂತರು, ಏನೋ ಹೆಣ್ಣು ನೋಡಲು ಬಂದಂತೆ. ಮೇಡಂ ಟೇಪ್‌ರೆಕಾರ್ಡರ್ ಮುಂದಿಟ್ಟು ಗುಂಡಿ ಒತ್ತಿದ್ದೇ ತಡ, ಲತೀಫ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ: "ಅಸ್ಸಲಾಮು ಅಲೈಕುಂ. ನಾನು ಇಲ್ಲಿ ಕ್ಷೇಮ, ನೀವೆಲ್ಲ ಅಲ್ಲಿ ಕ್ಷೇಮ ಎಂದು ನಂಬಿದ್ದೇನೆ. ಝುಲೈಖಾ, ನಿನ್ನ ಮಂಡಿನೋವು ಹೇಗುಂಟು?"

"ಅಯ್ಯೋ ಲತೀಫಾಕ!" ಫಿಡೆಲಿಸ್ ಹಣೆ ಚಚ್ಚಿಕೊಂಡ. "ಇದು ಊರಿಗೆ ಹೋಗುವ ಕ್ಯಾಸೆಟ್ಟಲ್ಲ ಮಾರಾಯ್ರೆ!"

ಪಾಪ, ಆತನ ತಪ್ಪೇನು? ಟೇಪ್‌ರೆಕಾರ್ಡರಿನ ಎದುರು ಆತ ಬೇರೆ ಯಾರೊಂದಿಗೂ ಮಾತಾಡಿದವನೇ ಅಲ್ಲ. ಮೇಡಂ ಸಂಗತಿ ತಿಳಿದು ನಕ್ಕರು, ಆದರೆ ಆ ಮಾತನ್ನು ಅಳಿಸಲಿಲ್ಲ.

ಮೇಡಂಗೆ ಬೇಕಿದ್ದದ್ದು ಒಂದೇ ಸಂಗತಿ. ಅಂದು ದೂತರ ಜೊತೆಗಿನ ಮಾತುಕತೆ ನಗುನಗುತ್ತ ಮುಗಿಯಿತು ಎಂದು ಕಡತದಲ್ಲಿತ್ತು. ಹೌದೇ? ಲತೀಫ್ ತಲೆ ಅಲ್ಲಾಡಿಸಿದ. ಏನನ್ನಾದರೂ ಕೇಳಿಕೊಳ್ಳಲು ಬಂದ ಅತಿಥಿ ಇಲ್ಲಿನ ಪದ್ಧತಿಯಂತೆ ಗಾವಾದ ಬಟ್ಟಲನ್ನು ಬಾಯಿಗೆ ತಾಗಿಸದೆ ಮುಂದಿಡುತ್ತಾನೆ. ಕೇಳಿದ್ದು ಸಿಕ್ಕಿದರೆ ಕುಡಿಯುತ್ತಾನೆ. "ಆ ದೂತರಿಗೆ ಯಾರೋ ಈ ಪದ್ಧತಿ ಹೇಳಿಕೊಟ್ಟಿರಬೇಕು. ಬಟ್ಟಲು ಇಟ್ಟರು. ಒಂದು ಗಂಟೆಯಾದರೂ ಕುಡಿಯಲಿಲ್ಲ. ಕೊನೆಗೆ ನಾನೇ ತಣ್ಣಗಾದ ಗಾವಾ ತೆಗೆದುಕೊಂಡು ಹೋಗಿ ಚೆಲ್ಲಿದೆ. ನಕ್ಕಿದ್ದೆಲ್ಲ ಫೋಟೋದವನು ಬಂದ ಮೇಲೆ." ಮೇಡಂ ಕಣ್ಣು ಅರಳಿತು. ಯಾವ ಕಡತದಲ್ಲೂ ಇಲ್ಲದ ಮಾತು ಅದು.

ಮೇಡಂ ಎದ್ದು ಹೊರಡುವಾಗ ಲತೀಫ್ ಕೈಮುಗಿಯುವುದೊಂದು ಬಾಕಿ. "ಪೊರ್ಬುಗಳೇ, ಮೇಡಂ ಹತ್ತಿರ ಕೇಳಿ. ನನ್ನ ರಜೆ ರದ್ದು ಮಾಡಿದ ಕಾಗದ ಅವರ ಕಡತದಲ್ಲಿ ಇದ್ದೇ ಇರುತ್ತದೆ. ಅದರದ್ದೊಂದು ಜೆರಾಕ್ಸ್ ಸಾಕು. ನನ್ನ ಮನೆಯವಳಿಗೆ ತೋರಿಸಲಿಕ್ಕುಂಟು." ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು, ಅಝರನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡರು, ಅಮೆರಿಕದಲ್ಲಿರುವ ಗೆಳತಿಗೆ ಹೇಳಿ ಹುಡುಕಿಸುತ್ತೇನೆ ಎಂದು ಮಾತು ಕೊಟ್ಟರು.

ಆಮೇಲಿನ ಏಳು ವಾರ ಲತೀಫನ ಕಾಲು ನೆಲದ ಮೇಲಿರಲಿಲ್ಲ. ಫಿಡೆಲಿಸ್ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಬಂತಾ?" ಎಂದು ಕೇಳುವುದು, ಆತ ಅರಬಿಯಲ್ಲಿ "ಮಾಫಿ", ಇಲ್ಲ, ಎಂದು ಕೈ ಅಲ್ಲಾಡಿಸುವುದು. ಕಾಗದವನ್ನು ಹೇಗೆ ಕೊಡುವುದೆಂದೂ ಯೋಚಿಸಿಯಾಗಿತ್ತು. ಏನೂ ಹೇಳದೆ ಅವಳ ಮಡಿಲಲ್ಲಿ ಇಡುವುದು. ಓದಲು ಬಾರದಿದ್ದರೇನು, ಸಾಲಿಹಾ ಓದಿ ಹೇಳುತ್ತಾಳೆ. ಆಮೇಲೆ ಝುಲೈಖಾ ಅಳುತ್ತಾಳೆ, ತಾನೂ ಅಳುವುದು, ಖಲಾಸ್, ಎಲ್ಲ ಸರಿಹೋಗುತ್ತದೆ.

ಏಪ್ರಿಲಿನ ಒಂದು ಸಂಜೆ ಮೇಡಂ, ಫಿಡೆಲಿಸ್ ಇಬ್ಬರೂ ಬಂದರು. ಫಿಡೆಲಿಸನ ಮುಖ ಸಪ್ಪಗಿತ್ತು. ಕೈಯಲ್ಲಿ ಎರಡು ಹಾಳೆ.

"ಓದಿ ಪೊರ್ಬುಗಳೇ."

"ಲತೀಫಾಕ, ಕೂತುಕೊಳ್ಳಿ ಮೊದಲು."

ಮೊದಲ ಹಾಳೆ ಅಮೆರಿಕದ ಭದ್ರತೆಯವರದ್ದು. ಸಿಬ್ಬಂದಿಯಲ್ಲಿ ಒಬ್ಬನಿಗೆ ರಜೆ ಮಂಜೂರಾಗಿದೆ, ಆತ ಧಾರಾಳವಾಗಿ ಹೋಗಬಹುದು, ಬದಲಿಯವನ ಹೆಸರು ಕೊಟ್ಟರೆ ಸಾಕು ಎಂದಿತ್ತು. ಎರಡನೆಯದು ಅತಿಥಿಗೃಹದ ಉತ್ತರ: ಬದಲಿಯವನು ಬೇಡ, ಗಾವಾದ ಅಬ್ದುಲ್ ಲತೀಫ್ ತನ್ನ ಇಚ್ಛೆಯಿಂದಲೇ ರಜೆಯನ್ನು ಹಿಂದಕ್ಕೆ ಪಡೆದಿದ್ದಾನೆ. ಅದರ ಕೆಳಗೆ ರುಜು. ಇಂಗ್ಲಿಷು, ಅರಬಿಗಳ ನಡುವೆ ಮೂರನೇ ಕ್ಲಾಸಿನವರೆಗೆ ಕಲಿತ ದಪ್ಪ ದಪ್ಪ ಕನ್ನಡ ಅಕ್ಷರ. ಬೇರೆ ಯಾರದ್ದೋ ಎನ್ನಲು ದಾರಿಯೇ ಇರಲಿಲ್ಲ.

"ಓದದೆ ರುಜು ಹಾಕಿರುತ್ತೀರಿ" ಎಂದ ಫಿಡೆಲಿಸ್. "ನಾವೆಲ್ಲ ಹಾಗೇ ಅಲ್ಲವಾ? ಆಫೀಸಿನವರು ಕಾಗದ ನೀಡಿದರೆ ಸೈನು ಜಡಿಯುವುದು."

ತಪ್ಪಿಸಿಕೊಳ್ಳಲು ಒಳ್ಳೆಯ ದಾರಿ. ಲತೀಫ್ ಬಾಯಿ ತೆರೆದ, ಹೌದು ಎನ್ನುವುದರಲ್ಲಿದ್ದ. ಅಷ್ಟರಲ್ಲಿ ಮೇಡಂ ಮೆಲ್ಲಗೆ ಏನೋ ಕೇಳಿದರು, ಫಿಡೆಲಿಸ್ ಕನ್ನಡದಲ್ಲಿ ಹೇಳಿದ: "ರಜೆಯ ಸಂಗತಿ ನಿಮಗೆ ಸರಿಯಾಗಿ ನೆನಪಿಲ್ಲವೆಂದಾದರೆ ಗಾವಾದ ಬಟ್ಟಲಿನ ಸಂಗತಿಯನ್ನು ಹೇಗೆ ನಂಬುವುದು ಅಂತ ಕೇಳ್ತಾರೆ."

ಲತೀಫ್ ತೆರೆದ ಬಾಯಿ ಮುಚ್ಚಿ ಹಾಳೆಯ ಮೇಲಿನ ರುಜುವನ್ನು ನೋಡಿದ. ಇಪ್ಪತ್ತು ವರ್ಷ ಅದುಮಿಟ್ಟದ್ದು ಕಣ್ಣಿಗೆ ಕಟ್ಟಿದಂತೆ ಎದ್ದು ಬಂತು. ಅತಿಥಿಗೃಹದ ಮ್ಯಾನೇಜರ್ ಕಾಗದ ಹಿಡಿದು ಕೇಳಿಯೇ ಕೇಳಿದ್ದ, ಹಿಂದಿಯಲ್ಲಿ, ಬಿಡಿಸಿ ಬಿಡಿಸಿ: ಹೋಗುವುದಾದರೆ ಹೋಗು, ನಿಲ್ಲುವುದಾದರೆ ಅತಿಥಿಗಳು ಕೂರುವ ದೊಡ್ಡ ಮಜ್ಲಿಸಿನಲ್ಲಿ ಗಾವಾ ಕೊಡುವವನು ನೀನೇ. ಗಾವಾ ಕೊಡುವವನಿಗೆಂದೇ ಗೋಡೆಗೆ ನೇತುಹಾಕಿದ್ದ ಹೊಸ ಬಿಳಿ ಕೋಟು, ಅದರ ಹಿತ್ತಾಳೆಯ ಗುಂಡಿಗಳು. ಒಂದು ತಿಂಗಳಲ್ಲವೇ, ಮಗ ಎಲ್ಲಿ ಓಡಿಹೋಗುತ್ತಾನೆ ಎಂದು ಅಂದುಕೊಂಡದ್ದು.

"ನೆನಪಿಲ್ಲದೆ ಏನು" ಎಂದ ಲತೀಫ್. "ಎಲ್ಲ ನೆನಪುಂಟು. ಯಾರೂ ನನ್ನ ಕೈ ಹಿಡಿದು ರುಜು ಹಾಕಿಸಲಿಲ್ಲ. ನನಗೆ ಆಸೆ ಇತ್ತು ಪೊರ್ಬುಗಳೇ. ದೊಡ್ಡವರ ಎದುರು ಗಾವಾ ಹಿಡಿದು ನಿಲ್ಲುವ ಆಸೆ. ಬಟ್ಟಲಿನ ಸಂಗತಿ ಸತ್ಯ, ಇದೂ ಸತ್ಯ. ಎರಡನ್ನೂ ಬರೆದುಕೊಳ್ಳಲು ಹೇಳಿ."

ಮೇಡಂ ಹೋಗುವಾಗ ಆತನ ಹೆಗಲು ಮುಟ್ಟಿ ಹೋದರು.

ಆ ವಾರ ಲತೀಫ್ ಯಾರಿಗೂ ಸರಿಯಾಗಿ ಚಹಾ ಮಾಡಿಕೊಡಲಿಲ್ಲ. ಹಾಳೆಗಳನ್ನು ಹರಿದು ಬಿಸಾಡಿದರೆ ಕೇಳುವವರು ಯಾರು? ಝುಲೈಖಾಗೆ ಕಾಗದ ಸಿಕ್ಕಿದ ಸುದ್ದಿಯೇ ತಿಳಿದಿರಲಿಲ್ಲ. ಹಳೆಯ ಪಾಠವನ್ನೇ ಇನ್ನು ಇಪ್ಪತ್ತು ವರ್ಷ ಒಪ್ಪಿಸಬಹುದಿತ್ತು. ಆದರೆ ಒಮ್ಮೆ ಆಡಿದ ಸತ್ಯ ಗಂಟಲಲ್ಲಿ ನಿಲ್ಲಲಿಲ್ಲ. ಮದೀನತ್ ಖಲೀಫಾದಲ್ಲಿ ಡ್ರೈವರಾಗಿದ್ದ ಊರಿನ ದೇಜಪ್ಪ ರಜೆಗೆ ಹೊರಡುವವನಿದ್ದ. ಲತೀಫ್ ಹೊಸ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಸಲಾಮಾದ ಮೇಲೆ ಕ್ಷೇಮಸಮಾಚಾರ ಹೇಳಲಿಲ್ಲ. "ಝುಲೈಖಾ, ಕಾಗದ ಸಿಕ್ಕಿತು. ಅದರಲ್ಲಿ ನನ್ನದೇ ರುಜು ಉಂಟು. ರಜೆ ಬೇಡ ಎಂದದ್ದು ನಾನೇ. ಇಷ್ಟು ವರ್ಷ ಹೇಳಿದ್ದು ಸುಳ್ಳು." ಕೋಟಿನ ಸಂಗತಿಯನ್ನೂ ಬಿಡದೆ ಹೇಳಿದ. ಐದು ನಿಮಿಷಕ್ಕೆ ಮಾತು ಮುಗಿಯಿತು. ಉಳಿದ ಟೇಪು ಖಾಲಿಯೇ ಹೋಯಿತು.

ದೇಜಪ್ಪ ಹಿಂದಿರುಗಿದ್ದು ಜೂನ್ ಕೊನೆಗೆ. "ಲತೀಫಾಕ, ಈ ಸಲ ನಿಮ್ಮ ಮನೆಯವರೇ ಜಗಲಿಗೆ ಬಂದು ಕ್ಯಾಸೆಟ್ ಕೊಟ್ಟರು ಮಾರಾಯ್ರೆ, ಮಕ್ಕಳ ಕೈಲಿ ಕೊಡಿಸಲಿಲ್ಲ" ಎಂದ.

ಶುಕ್ರವಾರ, ರೂಮಿನವರೆಲ್ಲ ಮೀನು ತರಲು ಹೋಗಿದ್ದ ಹೊತ್ತು. ಲತೀಫ್ ಮಂಚದ ಮೇಲೆ ಕೂತು ಕ್ಯಾಸೆಟ್ ಹಾಕಿದ. ಸಾಲಿಹಾಳ ದನಿಯಿಲ್ಲ, ಫಾಯಿಝನದ್ದೂ ಇಲ್ಲ. ಒಂದು ಕೆಮ್ಮು. ಆಮೇಲೆ ಝುಲೈಖಾ.

"ನಿಮ್ಮ ಕ್ಯಾಸೆಟ್ ಕೇಳಿದೆ. ಅಮೆರಿಕದವರು ತಡೆದರು ಎಂದು ನೀವು ಹೇಳಿದ ದಿನವೇ ನಾನು ನಂಬಿರಲಿಲ್ಲ. ಅಷ್ಟು ದೊಡ್ಡವರಿಗೆ ನಮ್ಮ ಉಸಾಬರಿ ಯಾಕೆ? ಅದಕ್ಕೆ ನನಗೆ ಸಿಟ್ಟಿಲ್ಲ. ನಾನು ಯಾವತ್ತಾದರೂ ಕಾಗದ ಕೇಳಿದ್ದುಂಟಾ? ನೀವು ಬಂದಾಗಲೆಲ್ಲ ನಿಮ್ಮ ರಜೆಯದ್ದೇ ಮಾತು, ಕ್ಯಾಸೆಟ್ಟಿನಲ್ಲೂ ನಿಮ್ಮ ರಜೆಯದ್ದೇ ಮಾತು. ಅವನು ಹೇಗಿದ್ದ ಎಂದು ಒಂದು ದಿನ ಕೇಳಲಿಲ್ಲ ನೀವು. ಇಪ್ಪತ್ತು ವರ್ಷ ಕಾದೆ, ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು. ಕೇಳದಿದ್ದರೆ ಬೇಡ. ನಾನೇ ಹೇಳುತ್ತೇನೆ. ಹುಟ್ಟುವಾಗ ಅವನಿಗೆ ತಲೆ ತುಂಬ ಕೂದಲಿತ್ತು..."

ಲತೀಫ್ ಟೇಪ್‌ರೆಕಾರ್ಡರನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಹೇಳು" ಎಂದ. "ಹೇಳು ಝುಲೈಖಾ, ಹೇಗಿದ್ದ?"