ಬರಲೇಬೇಕಾಗಿದ್ದ ಶತ್ರು
ಕೆಂಟ್ ಕರಾವಳಿಯ ನಮ್ಮ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನವಾದರೆ ಸಾಕು, ಪರ್ಸಿ ಹಾಗ್ಬೆನ್ ಮಹಾಶಯರು ಹಿಟ್ಲರನ ಮೇಲೆ ಯುದ್ಧಕ್ಕೆ ಹೊರಡುತ್ತಾರೆ. ಉಪ್ಪಿನ ಡಬ್ಬಿಯೇ ಡೋವರ್ ಬಂದರು, ಚೆಲ್ಲಿದ ಬಿಯರೇ ಕಡಲು, ಪಕ್ಕದವರ ತಟ್ಟೆಯಿಂದ ಕೇಳದೆ ಎತ್ತಿಕೊಂಡ ಆಲೂಗಡ್ಡೆಯ ಹೋಳುಗಳೇ ಜರ್ಮನರ ದೋಣಿಗಳು. “ಯುದ್ಧ ಮುಗಿದು ಮೂವತ್ತು ವರ್ಷ ಆಯ್ತು ಕಣಯ್ಯಾ, ನನ್ನ ಮೇಜು ಬಿಟ್ಟುಕೊಡು,” ಎಂದು ಒಡತಿ ಡೋರಿಸ್ ಗದರಿದರೆ, “ಡೋವರ್ ಬಿಟ್ಟುಕೊಡೋ ಮಾತೇ ಇಲ್ಲಮ್ಮಾ!” ಎಂದು ಗರ್ಜಿಸುತ್ತಾರೆ. ನಮ್ಮನ್ನು ಉಳಿಸಿದ್ದು ವಿಮಾನಗಳೆಂದರೂ ಸರಿ, ನೌಕಾಪಡೆಯೆಂದರೂ ಸರಿ, ಉದಾರವಾಗಿ ತಲೆಯಾಡಿಸುತ್ತಾರೆ. ಆದರೆ ಹಿಟ್ಲರ್ ಕಡಲು ದಾಟಿ ನಮ್ಮ ಮೇಲೆ ಬರಲು ಹೊರಟೇ ಇರಲಿಲ್ಲ ಎಂದರೆ ಮಾತ್ರ ಮೀಸೆಯ ಮೇಲಿನ ನೊರೆಯೂ ನಡುಗುತ್ತದೆ. ಊರಿಗೆ ಹೊಸಬರಾದ ಇತಿಹಾಸದ ಮೇಷ್ಟ್ರು ಪೆನ್‌ಫೋಲ್ಡ್ ಕಳೆದ ವಾರ ಅದನ್ನೇ ಅಂದರು: “ದೋಣಿ ಸೇರಿಸಿದ್ದೆಲ್ಲ ಬರೀ ಬೆದರಿಕೆ ಬಿಡಿ ಪರ್ಸಿಯವರೇ, ಹೊಸ ಪುಸ್ತಕದಲ್ಲೆಲ್ಲ ಹಾಗೇ ಇದೆ.” “ಬರ್ತಿದ್ರು ರೀ! ಬಂದೇ ಬರ್ತಿದ್ರು!” ಎಂದು ಪರ್ಸಿ ಸಿಡಿದರು. ಉಳಿದವರೆಲ್ಲ ತಂತಮ್ಮ ಲೋಟದೊಳಗೆ ನೋಡಿದರು. ಜರ್ಮನರು ಆಚೆ ದಡದಲ್ಲಿ ದೋಣಿ ಸೇರಿಸಿದ್ದ 1940ರಲ್ಲಿ ಚರ್ಚಿನ ಗಂಟೆ ಬಾರಿಸುವಂತಿರಲಿಲ್ಲ. ಶತ್ರು ದಡ ಮುಟ್ಟಿದರೆ ಮಾತ್ರ ಬಾರಿಸಬೇಕೆಂದು ಕಟ್ಟಪ್ಪಣೆಯಿತ್ತು. ಸೆಪ್ಟೆಂಬರಿನ ಒಂದು ಸಂಜೆ ‘ಬಂದರಂತೆ’ ಎಂಬ ಗಾಳಿಸುದ್ದಿ ನಂಬಿ ಹಗ್ಗ ಜಗ್ಗಿದ್ದು ಇಪ್ಪತ್ತರ ಹರೆಯದ ಪರ್ಸಿ. ಗಂಟೆ ಕೇಳಿದ್ದೇ ಬಂದೂಕು ಹಿಡಿದು ದಡಕ್ಕೆ ಓಡಿದ ಪರ್ಸಿಯ ತಮ್ಮ ಲೆನ್, ನಮ್ಮವರೇ ಹೂತಿಟ್ಟಿದ್ದ ನೆಲಬಾಂಬಿನ ಮೇಲೆ ಕಾಲಿಟ್ಟ. ಕಡಲಲ್ಲಿ ಒಂದು ದೋಣಿಯೂ ಇರಲಿಲ್ಲ. ಮೇಷ್ಟ್ರಿಗೆ ಇದೊಂದೂ ತಿಳಿಯದು. ಪರ್ಸಿ ಅವರತ್ತ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದರು: “ಅವತ್ತಲ್ದಿದ್ರೂ ಮಾರನೇ ದಿನನಾದ್ರೂ ಬರ್ತಿದ್ರು, ಅಲ್ವಾ ಮೇಷ್ಟ್ರೇ?”